ಸಪ್ಪನ ಅಂಬಲಿ

ತಾಯಂದಿರೇ, ಅಣ್ಣಂದಿರೇ, ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದರೆ ಒಬ್ಬರು ಮಠದ ಕಟ್ಟೆಯ ಮೇಲೆ ಕಾದು ಕೂತಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ನಾಲ್ಕು ಅಕ್ಷರ ತಿಳಿದವರು. "ಅಜ್ಜಾರ, ನೀವು ಪ್ರವಚನದಾಗ ಯುದ್ಧ ಯುದ್ಧ ಅಂತ ಮಂದಿನ್ನ ಸುಮ್ನ ಹೆದರಸಬ್ಯಾಡ್ರಿ. ದೊಡ್ಡ ದೊಡ್ಡ ದೇಶ ಎದರಾಬದರ ನಿಂತು ಬಡದಾಡೂ ಕಾಲ ಮುಗೀತು. ಎಲ್ಲಾರಿಗೂ ಎಲ್ಲಾರ ಕೂಡ ವ್ಯಾಪಾರ ಐತಿ. ಯಾರಿಗೆ ಬೇಕಾಗೈತ್ರಿ ಯುದ್ಧ?" ಅಂದರು. ನಗುತ್ತಾ ಅಂದರು, ಪ್ರೀತಿಯಿಂದಲೇ ಅಂದರು. ಸಂಜೆ ಬನ್ನಿ, ಒಂದು ಕಥೆ ಹೇಳುತ್ತೇನೆ ಅಂದೆ. ಬಂದಿದ್ದಾರೆ. ಅಗೋ, ಎಡಗಡೆ ಕಂಬಕ್ಕೆ ಒರಗಿ ಕೂತಿದ್ದಾರೆ. ಎಲ್ಲರೂ ಅವರ ಕಡೆ ತಿರುಗಿ ನೋಡಬೇಡಿ ಮತ್ತೆ! ಕಥೆ ಅವರೊಬ್ಬರ ಮೇಲಲ್ಲ, ನಿಮ್ಮೆಲ್ಲರ ಮೇಲೆ.

ಹೊಳೆದಂಡೆಯಲ್ಲಿ ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಯಾವ ಊರು, ಯಾವ ಹೊಳೆ ಅಂತ ಕೇಳಬೇಡಿ. ಹೇಳಿಬಿಟ್ಟರೆ 'ಸದ್ಯ, ನಮ್ಮೂರಲ್ಲ' ಅಂತ ಟವೆಲ್ ಕೊಡವಿಕೊಂಡು ಎದ್ದು ಹೋಗುತ್ತೀರಿ. ಹೊಳೆಯ ಈ ದಂಡೆ ಒಂದು ದೇಶ, ಆ ದಂಡೆ ಇನ್ನೊಂದು ದೇಶ. ಇಲ್ಲೊಬ್ಬ ರಾಜ, ಅಲ್ಲೊಬ್ಬ ರಾಜ. ಈ ಕಡೆ ಎರೆಭೂಮಿ, ಹತ್ತಿ ಬೆಳೆಯುತ್ತಿದ್ದರು. ಆ ಕಡೆ ನೇಕಾರರು, ಮಗ್ಗದ ಸದ್ದು ಬೆಳಗಿನಿಂದ ಸಂಜೆಯ ತನಕ ಈ ದಂಡೆಗೂ ಕೇಳುತ್ತಿತ್ತು. ಸಾಹುಕಾರ ಈ ಕಡೆಯ ಅರಳೆ ಕೊಂಡು ಆ ಕಡೆಗೆ ಸಾಗಿಸುತ್ತಿದ್ದ. ಆ ಕಡೆಯ ಸೀರೆ ತಂದು ಈ ಕಡೆ ಮಾರುತ್ತಿದ್ದ. ಎರಡೂ ದಂಡೆಯಲ್ಲಿ ಅವನಿಗೆ ನಮಸ್ಕಾರ ಬೀಳುತ್ತಿತ್ತು. ಕೆಟ್ಟವನಲ್ಲ ನೋಡಿ ಅವನು. ಕಥೆಯ ಸಾಹುಕಾರ ಅಂದಕೂಡಲೇ ಬಡವರ ರಕ್ತ ಹೀರುವವನು ಅಂದುಕೊಳ್ಳಬೇಡಿ. ದಾನ ಮಾಡುತ್ತಿದ್ದ, ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ, ತಾಯಿಯ ಮಾತನ್ನು ಕೇಳುತ್ತಿದ್ದ. ಒಂದೇ ಒಂದು ಮಾತನ್ನು ಮಾತ್ರ ಕೇಳಲಿಲ್ಲ. ಅದನ್ನೇ ಹೇಳಬೇಕಾಗಿದೆ.

ಅವನ ಮುತ್ತಜ್ಜನ ಕಾಲದಲ್ಲಿ ಆ ಎರಡು ದೇಶಗಳ ನಡುವೆ ಘೋರ ಯುದ್ಧ ಆಗಿತ್ತು. ಎಂಥ ಯುದ್ಧ ಅಂದರೆ, ಕೊನೆಗೆ ಹೆಣ ಹೊರುವುದಕ್ಕೆ ಗಂಡಸರು ಉಳಿಯಲಿಲ್ಲ, ಹೆಂಗಸರೇ ಹೊತ್ತರು. ಯುದ್ಧ ಮುಗಿದ ಮೇಲೆ ಎರಡೂ ಊರಿನಲ್ಲಿ ಉಳಿದ ಮುದುಕ ಮುದುಕಿಯರು ಸೇರಿ ಒಂದು ಪದ್ಧತಿ ಮಾಡಿದರು. ಬೇಸಿಗೆಯಲ್ಲಿ ಹೊಳೆ ಬತ್ತುತ್ತದಲ್ಲ, ಆಗ ನಡುವೆ ಒಂದು ಮಳಲದಿಬ್ಬ ಏಳುತ್ತಿತ್ತು. ದಿಬ್ಬದ ಮೇಲೊಂದು ಚಪ್ಪಟೆ ಕಲ್ಲು. ವರ್ಷಕ್ಕೊಂದು ದಿನ ಎರಡೂ ಊರಿನವರು ಆ ದಿಬ್ಬಕ್ಕೆ ಬರಬೇಕು. ಮನೆಗೊಬ್ಬರಂತೆ ಕಲ್ಲಿನ ಮೇಲೆ ನಿಲ್ಲಬೇಕು, ಒಂದು ಹೆಸರು ಹೇಳಬೇಕು.

ಯಾರ ಹೆಸರು? ಹೇಳಿ ನೋಡೋಣ. ಯುದ್ಧದಲ್ಲಿ ಸತ್ತ ತಮ್ಮವರ ಹೆಸರು ಅಂತೀರಿ. ಅಲ್ಲ! ಅಲ್ಲೇ ಇರುವುದು ವಿಷಯ. ತಮ್ಮ ಮನೆಯಲ್ಲಿ ಸತ್ತವರ ಹೆಸರನ್ನು ಆ ಕಲ್ಲಿನ ಮೇಲೆ ಎತ್ತುವ ಹಾಗೇ ಇರಲಿಲ್ಲ. ತಮ್ಮ ಮನೆಯವರ ಕೈಯಿಂದ ಆ ದಂಡೆಯ ಯಾರು ಸತ್ತರೋ ಅವರ ಹೆಸರು. "ನಮ್ಮ ಮನಿ ಇಂಥವನನ್ನ ಕೊಂದೈತಿ." ಇಷ್ಟೇ ಮಾತು. ಯಾಕೆ ಕೊಂದೆವು, ಅವನು ಏನು ಮಾಡಿದ್ದ, ಅದೆಲ್ಲ ಹೇಳುವಂತಿಲ್ಲ. ಎದುರಿಗೆ ಕೂತವರು "ಕೇಳಿದ್ವಿ" ಅನ್ನಬೇಕು. ಕ್ಷಮಿಸಿದೆವು ಅನ್ನಬೇಕಾಗಿಲ್ಲ, ಆಯಿತು ಬಿಡು ಅನ್ನಬೇಕಾಗಿಲ್ಲ. ಕೇಳಿದ್ವಿ, ಅಷ್ಟೇ. ಆಮೇಲೆ ಅವರು ಎದ್ದು ತಮ್ಮ ಮನೆ ಕೊಂದವರ ಹೆಸರು ಹೇಳಬೇಕು, ಇವರು "ಕೇಳಿದ್ವಿ" ಅನ್ನಬೇಕು. ಎಲ್ಲ ಮುಗಿದ ಮೇಲೆ ಒಂದೇ ಹಂಡೆಯಲ್ಲಿ ಕಾಯಿಸಿದ ಜೋಳದ ಅಂಬಲಿ. ಯುದ್ಧದ ಕೊನೆಯ ದಿನಗಳಲ್ಲಿ ಎರಡೂ ಊರಿಗೆ ಉಪ್ಪು ಸಿಗದೆ ಸಪ್ಪನ ಅಂಬಲಿ ಕುಡಿದಿದ್ದರಂತೆ. ಅದಕ್ಕೇ ಅವತ್ತಿನ ಅಂಬಲಿಗೂ ಉಪ್ಪು ಹಾಕುತ್ತಿರಲಿಲ್ಲ. ಆ ದಿನದ ಹೆಸರೇ ಸಪ್ಪನ ಅಂಬಲಿ ಅಂತಾಯಿತು.

ಮನೆಗೆ ಬಂದ ಹೊಸ ಸೊಸೆಗೆ ಅತ್ತೆ ಮೊದಲು ಹೇಳಿಕೊಡುತ್ತಿದ್ದದ್ದು ಈ ಹೆಸರು. ಬೀಗದ ಕೈ ಆಮೇಲೆ. ಸಾಹುಕಾರನ ಮನೆಯ ಪಾಲಿಗೆ ಬಂದ ಹೆಸರು ಅಂಬಿಗರ ಹುಲಗಪ್ಪ. ಆ ದಂಡೆಯ ದೋಣಿ ನಡೆಸುವವನು. ದೋಣಿಯನ್ನು ದಡಕ್ಕೆ ಕಟ್ಟುತ್ತಿದ್ದಾಗ ಸಾಹುಕಾರನ ಮುತ್ತಜ್ಜ ಅವನನ್ನು ಹಿಂದಿನಿಂದ ಇರಿದಿದ್ದ.

ಅಪ್ಪ ತೀರಿದ ಮೇಲೆ ಸಾಹುಕಾರನೇ ಪ್ರತಿವರ್ಷ ಕಲ್ಲು ಹತ್ತಬೇಕಾಯಿತು. ಜರಿಯ ರುಮಾಲು ಸುತ್ತಿಕೊಂಡು, ಬಿಸಿಲಲ್ಲಿ, ಊರೆಲ್ಲ ನೋಡುತ್ತಿರುವಾಗ ಬಾಯಿಬಿಟ್ಟು ಹೇಳಬೇಕು: "ನಮ್ಮ ಮನಿ ಅಂಬಿಗರ ಹುಲಗಪ್ಪನ್ನ ಕೊಂದೈತಿ." ಎದುರಿಗೆ ಹುಲಗಪ್ಪನ ಮೊಮ್ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದರು. ಇವನ ಅರಳೆಯ ಅಂಡಿಗೆಗಳನ್ನು ದೋಣಿಯಲ್ಲಿ ದಾಟಿಸುವವರೂ ಅವರೇ. "ಕೇಳಿದ್ವಿ" ಅನ್ನುತ್ತಿದ್ದರು. ಸಾಹುಕಾರನ ಕಿವಿ ಕೆಂಪಾಗುತ್ತಿತ್ತು. ಹೆಸರನ್ನು ಗಡಬಡಿಸಿ ಹೇಳಿ ಇಳಿದುಬಿಡುತ್ತಿದ್ದ. ಅಂಬಲಿ ಬೇಡವಾಗಿರುತ್ತಿತ್ತು. ಆದರೂ ಕುಡಿಯುತ್ತಿದ್ದ.

ಸಾಹುಕಾರನಿಗೆ ಒಬ್ಬಳೇ ಮಗಳು. ಕಥೆಯಲ್ಲಿ ಸಾಹುಕಾರನಿಗೆ ಹೆಸರು ಬೇಡ, ರಾಜನಿಗೂ ಬೇಡ. ಆದರೆ ಈ ಹುಡುಗಿಯ ಹೆಸರು ಬೇಕು, ಮರೆಯಬೇಡಿ. ಕೊಟ್ರವ್ವ. ಚೂಟಿ ಹುಡುಗಿ, ಅಪ್ಪ ಅಂದರೆ ಜೀವ. ಅಪ್ಪ ಹೇಳಿದ್ದೇ ವೇದ. ಆಕೆಗೆ ಆ ದಂಡೆಯ ನೇಕಾರ ಓಣಿಯಲ್ಲಿ ಸಂಬಂಧ ಕೂಡಿತು. ಒಳ್ಳೆಯ ಮನೆತನ, ಒಳ್ಳೆಯ ಹುಡುಗ. ಎರಡೂ ದೇಶದ ಜನ ಮದುವೆಗೆ ಬಂದರು. ಆ ವರ್ಷದ ಸಪ್ಪನ ಅಂಬಲಿ ಹತ್ತಿರ ಬಂದಾಗ ಸಾಹುಕಾರನಿಗೆ ಚಿಂತೆ ಹತ್ತಿತು. ಬೀಗರು ಎದುರಿಗೆ ಕೂತಿರುತ್ತಾರೆ. ಅವರ ಮುಂದೆ ನಿಂತು 'ನಮ್ಮ ಮನೆ ಕೊಂದಿದೆ' ಅನ್ನುವುದು ಹೇಗೆ? ಮರ್ಯಾದೆ ಏನಾಗಬೇಕು?

ಊರ ಚಾವಡಿಯಲ್ಲಿ ಮಾತು ತೆಗೆದ. "ಅಲ್ರೀ, ಈ ಹಳೇ ಹೆಣಾ ಎಷ್ಟು ವರ್ಷ ಹೊರೂದು? ಯುದ್ಧ ಅನ್ನೂದು ಮುಗದ ಕಥಿ. ನಮ್ಮ ಅರಳಿ ಇಲ್ಲದ ಅವರ ಮಗ್ಗ ನಡ್ಯೂದಿಲ್ಲ, ಅವರ ಮಗ್ಗ ಇಲ್ಲದ ನಮ್ಮ ಅರಳಿ ಯಾಂವ ಕೊಳ್ಳಾಂವ? ಗಿರಾಕಿನ್ನ ಯಾರರ ಕೊಲ್ತಾರೇನು? ಹೆಣ್ಣು ಕೊಡೂದು ತರೂದು ನಡದೈತಿ. ಇಂಥಾ ಕಾಲದಾಗ ಶುಭ ಮಾತಾಡೂದು ಬಿಟ್ಟು ಕೊಂದ್ವಿ, ಕೊಂದ್ವಿ ಅಂತ ಯಾಕ ಒದರಬೇಕು?"

ಎಂಥ ಮಾತು ನೋಡಿ! ತಪ್ಪು ಎಲ್ಲಿದೆ ಹೇಳಿ? ಎಲ್ಲವೂ ನಿಜವೇ. ಅರಳೆಯೂ ನಿಜ, ಮಗ್ಗವೂ ನಿಜ, ಮದುವೆಯೂ ನಿಜ. ಊರವರು ಹೌದು ಹೌದು ಅಂದರು. ಆ ದಂಡೆಯ ದೊಡ್ಡವರಿಗೆ ಹೇಳಿಕಳಿಸಿದರು, ಅವರಿಗೂ ಹಾಲು ಕುಡಿದಷ್ಟು ಸಂತೋಷ ಆಯಿತು. ಕಲ್ಲು ಹತ್ತುವುದು ಅವರಿಗೇನು ಸುಖವಾಗಿತ್ತೇ? ಎರಡೂ ಕಡೆಯ ರಾಜರು ಸಾಹುಕಾರನಿಗೆ ಶಾಲು ಹೊದಿಸಿದರು.

ಒಬ್ಬಳು ಮಾತ್ರ ಹೌದು ಅನ್ನಲಿಲ್ಲ. ಅವನ ತಾಯಿ. ಹಲ್ಲಿಲ್ಲದ ಮುದುಕಿ, ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದಳು. "ಏ ಮಗನ, ಯುದ್ಧ ಮುಗದೈತಿ ಅಂತಿ. ಅದೇನು ತಾನ ಮುಗೀತೇನು? ನಿನ್ನ ಹೆಸರಿನ ಅಜ್ಜ ಪ್ರತಿವರ್ಷ ಕಲ್ಲ ಮ್ಯಾಲೆ ನಿಂತು ನಾಚಿಕಿ ತಿಂದಾನ. ನಿಮ್ಮಪ್ಪ ತಿಂದಾನ. ಅದಕ್ಕ ಮುಗದೈತಿ."

"ಯವ್ವಾ, ಕಾಲ ಬದಲಾಗೈತಿ."

"ಕಾಲ ಬದಲಾಗೈತಿ, ಮಂದಿ? ನೀ ಬದಲಾಗಿಯೇನು? ಮೊನ್ನೆ ಗಾಡಿಯವ ಒಂದು ಅಂಡಿಗಿ ನೀರಾಗ ಕೆಡವಿದ್ದಕ್ಕ ಅವನ್ನ ಹ್ಯಾಂಗ ಬಡದಿ? ಆ ಕೈ ಎಲ್ಲಿಂದ ಬಂತು?"

ಸಾಹುಕಾರ ನಕ್ಕುಬಿಟ್ಟ. ವಯಸ್ಸಾದವರ ಮಾತು ಅಂದುಕೊಂಡು ತಾಯಿಯ ಕಾಲು ಮುಟ್ಟಿ ಹೊರಗೆ ನಡೆದ. ಕಾಲು ಮುಟ್ಟುವುದು ಸುಲಭ, ಮಾತು ಮಾತ್ರ ನಮ್ಮನ್ನು ಮುಟ್ಟಬಾರದು, ಅಲ್ಲವೇ? ನೀವೂ ನನ್ನ ಕಾಲು ಮುಟ್ಟುತ್ತೀರಲ್ಲ, ಹಾಗೇ.

ಸರಿ. ಸಪ್ಪನ ಅಂಬಲಿ ಹೋಗಿ ಸ್ನೇಹದ ಹಬ್ಬ ಬಂತು. ದಿಬ್ಬದ ಮೇಲೆ ಹಂದರ ಹಾಕುವುದಕ್ಕೆ ಜಾಗ ಸಾಲದು ಅಂತ ಈ ದಂಡೆಯವರು ಈ ದಂಡೆಯಲ್ಲೇ ಹಂದರ ಹಾಕಿದರು, ಆ ದಂಡೆಯವರು ಆ ದಂಡೆಯಲ್ಲಿ. ಹೋಳಿಗೆ, ತುಪ್ಪ, ಶಹನಾಯಿ. ನಡುವೆ ದಿಬ್ಬ ಖಾಲಿ. ಕಲ್ಲಿನ ಮೇಲೆ ಬೆಳ್ಳಕ್ಕಿ ಕೂತಿತ್ತು. ಜನ ಹೊಟ್ಟೆ ತುಂಬ ಉಂಡು, ಇಷ್ಟು ವರ್ಷ ಇದನ್ನು ಯಾಕೆ ಮಾಡಲಿಲ್ಲ ಅಂದರು.

ಆದರೆ ಹಬ್ಬ ಅಂದಮೇಲೆ ನಾಲ್ಕು ಮಾತು ಬೇಕಲ್ಲ, ಬರೀ ಹೋಳಿಗೆಯಿಂದ ಆಗುತ್ತದೆಯೇ? ಈ ದಂಡೆಯಲ್ಲಿ ಒಬ್ಬ ಮಾತುಗಾರ ಎದ್ದು, ನಮ್ಮ ಹಿರಿಯರು ಎಂಥ ಶೂರರು, ಈ ಮಣ್ಣಿಗಾಗಿ ಹೇಗೆ ಪ್ರಾಣ ಕೊಟ್ಟರು ಅಂತ ಹೇಳಿದ. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಅದು ಆ ದಂಡೆಗೆ ಕೇಳಿಸಿತು. ಮರುವರ್ಷ ಅವರೂ ತಮ್ಮ ಶೂರರ ಪದ ಕಟ್ಟಿಸಿ ಹಾಡಿಸಿದರು. ಅದು ಈ ದಂಡೆಗೆ ಕೇಳಿಸಿತು. ನೋಡನೋಡುತ್ತಾ ಎರಡೂ ಕಡೆ ಒಂದೇ ಪಾಠ: ಅವರು ನಮ್ಮವರನ್ನು ಹೇಗೆ ಕೊಂದರು. ನಾವು ಕೊಂದವರು? ಆ ಹೆಸರುಗಳನ್ನು ಮುದುಕರು ಬಾಯಲ್ಲಿ ಇಟ್ಟುಕೊಂಡೇ ಸತ್ತರು. ಸಾಹುಕಾರನ ತಾಯಿಯೂ ತೀರಿಕೊಂಡಳು. ಹೊಸ ಸೊಸೆಯರಿಗೆ ಅತ್ತೆಯರು ಬೀಗದ ಕೈ ಕೊಟ್ಟರು, ಹೆಸರು ಕೊಡಲಿಲ್ಲ.

ಆ ದಂಡೆಯಲ್ಲಿ ಹುಲಗಪ್ಪನಿಗೆ ಒಂದು ಗುಡಿ ಎದ್ದಿತು. ಬೆನ್ನಿಗೆ ಇರಿತ ತಿಂದು ಸತ್ತ ಹುಲಗಪ್ಪ, ಮೋಸಗಾರರ ಕೈಗೆ ಸಿಕ್ಕ ಹುಲಗಪ್ಪ. ಸಾಹುಕಾರನ ಅಂಡಿಗೆ ದಾಟಿಸುತ್ತಿದ್ದ ಅವನ ಮೊಮ್ಮಕ್ಕಳ ಮಕ್ಕಳು ಈಗ ಇವನ ಮುಖ ನೋಡದೆ ಬಾಡಿಗೆ ಇಸಿದುಕೊಂಡು ಹೋಗುತ್ತಿದ್ದರು. ಸಾಹುಕಾರನಿಗೆ ಅದೂ ಅರ್ಥವಾಗಲಿಲ್ಲ. ಹುಡುಗರಿಗೆ ಸೊಕ್ಕು ಬಂದಿದೆ ಅಂದುಕೊಂಡ.

ಒಂದು ಮಳೆಗಾಲ ಹೊಳೆ ಮೈದುಂಬಿ ಹರಿದು ಇಳಿಯಿತು. ಇಳಿದ ಮೇಲೆ ನೋಡಿದರೆ ಮಳಲದಿಬ್ಬ ಆ ದಂಡೆಯ ಕಡೆಗೆ ಸರಿದಿತ್ತು. ಅವರು ದಿಬ್ಬ ನಮ್ಮದು ಅಂತ ಬಾವುಟ ನೆಟ್ಟರು. ಇವರು ಕಿತ್ತು ಬಿಸಾಕಿದರು. ಏನಿತ್ತು ಆ ದಿಬ್ಬದಲ್ಲಿ? ಮಳಲು! ಒಂದು ಸೌತೆಬಳ್ಳಿ ಹಬ್ಬುವ ಜಾಗ ಅಲ್ಲ. ಆದರೆ ಅಷ್ಟು ವರ್ಷ ತಮ್ಮ ಗಾಯವನ್ನಷ್ಟೇ ಎಣಿಸಿಕೊಂಡು ಬಂದ ಜನಕ್ಕೆ ಮಳಲೂ ಸಾಕಾಯಿತು.

ಆ ಜಗಳ ಆರದೆ ಇರುವಾಗಲೇ, ಮರುವರ್ಷ, ಕೊಟ್ರವ್ವ ನಾಗರಪಂಚಮಿಗೆ ತವರಿಗೆ ಬಂದಳು. ಜೋಕಾಲಿ ಆಡಲಿಲ್ಲ, ಉಂಡೆ ತಿನ್ನಲಿಲ್ಲ. ಹೊರಡುವ ದಿನ ಅಪ್ಪನ ಹತ್ತಿರ ಬಂದು ಕೂತಳು.

"ಅಪ್ಪಾ, ಅಲ್ಲಿ ಮಂದಿ ಮೊದಲಿನಂಗ ಇಲ್ಲ. ನೀರಿಗೆ ಹೋದ್ರ ಹೆಣ್ಮಕ್ಕಳು ನನ್ನ ಕೊಡಾ ಕಡೀಕ ಇಡ್ತಾರ. ನಮ್ಮ ಮನ್ಯಾವ್ರು ಛಲೋನ ಅದಾರ, ಆದ್ರೂ ನನಗ ಅಂಜಿಕಿ ಬರ್ತೈತಿ. ದೀವಳಿಗಿತನಾ ಇಲ್ಲೇ ಇರಲೇನು? ಅವರನ್ನೂ ಕರಸ್ತೀನಿ."

ನೋಡಿ, ಈಗ ಸರಿಯಾಗಿ ಕೇಳಿಸಿಕೊಳ್ಳಿ. ಆ ಹೊತ್ತು ಮಗಳ ಜೀವ ಅಪ್ಪನ ನಾಲಿಗೆಯ ಮೇಲಿತ್ತು. ಇರು ಮಗಳೇ ಅಂದಿದ್ದರೆ ಇರುತ್ತಿದ್ದಳು. ಅವನಿಗೆ ಒಳಗೊಳಗೆ ಅಳುಕು ಇರಲಿಲ್ಲ ಅಂತೀರಾ? ಇತ್ತು. ಆದರೆ ಇರು ಅಂದರೆ ಏನಾಗುತ್ತದೆ? ಯುದ್ಧ ಮುಗಿದಿದೆ ಅಂತ ಚಾವಡಿಯಲ್ಲಿ ಸಾರಿದವನೇ ಮಗಳನ್ನು ಬಚ್ಚಿಟ್ಟುಕೊಂಡ ಅಂತ ಊರು ಆಡಿಕೊಳ್ಳುತ್ತದೆ. ಆ ಶಾಲಿಗೆ ಏನು ಬೆಲೆ ಉಳಿಯಿತು? ಅದಕ್ಕೇ ಮಗಳ ಕೆನ್ನೆ ಹಿಂಡಿ ನಕ್ಕ.

"ಹುಚ್ಚಿ, ಮಳಲಿಗೆ ಯಾರರ ಯುದ್ಧ ಮಾಡ್ತಾರೇನು? ನಾ ಇಬ್ಬರೂ ರಾಜರನ್ನ ಕಂಡಾಂವ. ಇನ್ನ ಯುದ್ಧ ಆಗೂದಿಲ್ಲ, ಅದು ನನ್ನ ಮುತ್ತಜ್ಜನ ಕಾಲಕ್ಕ ಮುಗೀತು. ಸುಮ್ನ ಗಂಡನ ಮನಿಗೆ ಹೋಗು. ಬಾಯಾಗಿನ ಮಾತಿಗೆ ಹೆದರಿ ಸಂಸಾರ ಕೆಡಿಸ್ಕೋಬ್ಯಾಡ."

"ಖರೇನ ಅಪ್ಪಾ?"

"ನಾ ಎಂದರ ಸುಳ್ಳ ಹೇಳೇನೇನು ನಿನಗ?"

ಕೊಟ್ರವ್ವ ನಂಬಿದಳು. ಅಪ್ಪ ಹೇಳಿದ ಮೇಲೆ ಮುಗಿಯಿತಲ್ಲ. ಉಂಡೆಯ ಗಂಟು ಕಟ್ಟಿಸಿಕೊಂಡು ದೋಣಿ ಹತ್ತಿದಳು. ನಡುಹೊಳೆಯಲ್ಲಿ ತಿರುಗಿ ಕೈ ಬೀಸಿದಳು. ಸಾಹುಕಾರನೂ ಕೈ ಬೀಸಿದ.

ದೀಪಾವಳಿಗೂ ಮೊದಲೇ ಯುದ್ಧ ಹತ್ತಿಕೊಂಡಿತು. ಸಾಹುಕಾರ ಈ ದಂಡೆಯ ಅಂಬಿಗರ ಮನೆಗೆ ಓಡಿದ, ಒಬ್ಬ ಅಂಬಿಗನೂ ಹೊಳೆಗೆ ಇಳಿಯಲು ಒಪ್ಪಲಿಲ್ಲ. ದಂಡೆಯ ಮೇಲೆ ನಿಂತು ಮಗಳ ಹೆಸರು ಕೂಗಿದ. ಮಗ್ಗದ ಸದ್ದು ನಿಂತುಹೋಗಿತ್ತು, ಆ ಕಡೆಯಿಂದ ನಗಾರಿಯ ಸದ್ದಷ್ಟೇ ಬಂತು. ಗಿರಾಕಿಗಳು, ನೋಡಿ! ಅಷ್ಟು ವರ್ಷದ ಗಿರಾಕಿಗಳು! ಇವನ ಅರಳೆಯಿಂದ ನೇಯ್ದ ಬಟ್ಟೆಯಲ್ಲೇ ಬಾವುಟ ಮಾಡಿಕೊಂಡಿದ್ದರು.

ಈ ಕಡೆಯ ದಂಡಿನ ಸರದಾರ ಸಾಹುಕಾರನ ಮನೆಗೆ ಬಂದ. "ಸಾವ್ಕಾರ್ರ, ನಿಮ್ಮ ಅರಳಿ ಬೇಕಾಗೈತಿ. ಎಣ್ಯಾಗ ತೊಯ್ಸಿ, ಬೆಂಕಿ ಹಚ್ಚಿ, ಕವಣಿಲೆ ಒಗೀತೀವಿ."

ಸಾಹುಕಾರ ಬಾಗಿಲಿಗೆ ಅಡ್ಡ ನಿಂತ. "ಅಲ್ಲಿ ನನ್ನ ಮಗಳದಾಳ್ರೀ..."

"ಓಣಿಗೆ ಯಾರು ಒಗೀತಾರ್ರೀ? ಅವರ ದಂಡು ಇಳದದ್ದು ದೋಣಿಕಟ್ಟಿಗೆ. ಗುರಿ ಅಲ್ಲಿಗೇ. ನಮ್ಮ ಮಂದಿ ಕೈ ತಪ್ಪೂದಿಲ್ಲ. ಕೊಡಲಿಲ್ಲ ಅಂದ್ರ ಊರಾಗ ಏನಂತಾರ ಗೊತ್ತೈತಲ್ಲ? ಬೀಗರ ಮ್ಯಾಲಿನ ಪ್ರೀತಿಗೆ ದೇಶಾ ಮಾರ‍್ಯಾನ ಅಂತಾರ."

ಮತ್ತೆ ಅದೇ ಊರು, ಮತ್ತೆ ಅದೇ ಮಾತು. ಸಾಹುಕಾರ ಬೀಗದ ಕೈ ತೆಗೆದು ಕೊಟ್ಟ. ಅವನ ಉಗ್ರಾಣದಿಂದ ಅಂಡಿಗೆಗಳು ಒಂದೊಂದಾಗಿ ಹೊರಗೆ ಹೋದವು. ಮಧ್ಯಾಹ್ನದ ಹೊತ್ತು ಗಾಳಿ ತಿರುಗಿತು. ಅರಳೆ ಹಗುರ, ನಿಮಗೆ ಗೊತ್ತಲ್ಲ. ಬೆಂಕಿ ಹಚ್ಚಿದ ಅರಳೆ ಗುರಿ ಕೇಳುತ್ತದೆಯೇ? ದೋಣಿಕಟ್ಟೆಯ ಮೇಲೆ ಹಾರಿ ನೇಕಾರ ಓಣಿಯ ಮೇಲೆ ಬಿತ್ತು. ಮನೆ ಮನೆಯಲ್ಲೂ ನೂಲು, ಮಗ್ಗಕ್ಕೆ ಹೂಡಿದ ಹಾಸು, ಬಟ್ಟೆ. ಇವನದೇ ಅರಳೆಯ ನೂಲು. ಓಣಿ ಹೊತ್ತಿಕೊಂಡಿತು. ಈ ದಂಡೆಯ ಜನ ಅಟ್ಟ ಹತ್ತಿ ನೋಡಿ ಕೇಕೆ ಹಾಕಿದರು. ಆ ಕೇಕೆಯ ನಡುವೆ ಸಾಹುಕಾರ ತನ್ನ ಉಗ್ರಾಣದ ಬಾಗಿಲಲ್ಲಿ ನಿಂತು, ತೆರೆದ ಬೀಗವನ್ನು ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದ. ಕೊಟ್ರವ್ವ ಅಲ್ಲೇ ಸತ್ತಳು.

ಆಮೇಲೆ? ಆಮೇಲೇನು, ಇಬ್ಬರು ರಾಜರಿಗೂ ಸಾಕಾಯಿತು. ಒಂದು ಹಂದರದಲ್ಲಿ ಕೂತು ಒಪ್ಪಂದ ಮಾಡಿಕೊಂಡರು, ಅಪ್ಪಿಕೊಂಡರು. ಇನ್ನು ಯುದ್ಧ ಇಲ್ಲ ಅಂದರು. ಮುಂದಿನ ಮಳೆಗಾಲ ಹೊಳೆ ಬಂದು ಮಳಲದಿಬ್ಬವನ್ನೂ ಕಲ್ಲನ್ನೂ ಎತ್ತಿಕೊಂಡು ಹೋಯಿತು. ಯಾರಿಗೂ ಸಿಗಲಿಲ್ಲ.

ಕಥೆ ಮುಗಿಯಿತು ಅಂದುಕೊಂಡಿರಾ? ಇಲ್ಲ, ಇನ್ನೂ ಅಸಹ್ಯವಾದದ್ದು ಇದೆ. ಕೊಟ್ರವ್ವ ಯಾರವಳು ಅಂತ ಜಗಳ ಹತ್ತಿತು! ಆ ದಂಡೆಯವರು, ನಮ್ಮ ಸೊಸೆ, ಅವರು ಸುಟ್ಟು ಕೊಂದರು ಅಂತ ಹುಲಗಪ್ಪನ ಗುಡಿಯ ಪಕ್ಕದಲ್ಲಿ ಅವಳದೊಂದು ಕಟ್ಟೆ ಕಟ್ಟಿದರು. ಈ ದಂಡೆಯವರು, ನಮ್ಮ ಮಗಳು, ಅವರು ಒತ್ತೆ ಇಟ್ಟುಕೊಂಡು ಕೊಂದರು ಅಂತ ಪದ ಕಟ್ಟಿಸಿದರು. ಎರಡೂ ಕಡೆ ಅತ್ತವರು ಬೇಕಾದಷ್ಟು ಜನ. ನಾವು ಕೊಂದೆವು ಅಂದವರು? ಒಬ್ಬರಿಲ್ಲ. ಒಂದು ನರಪಿಳ್ಳೆಯೂ ಇಲ್ಲ.

ಈ ದಂಡೆಯ ಹಂದರದಲ್ಲಿ ದೊಡ್ಡ ಸಭೆ ಆಯಿತು. ವೀರಪುತ್ರಿಯ ತಂದೆ ಅಂತ ಸಾಹುಕಾರನನ್ನು ಕರೆದು ಎತ್ತರದಲ್ಲಿ ಕೂರಿಸಿದರು. ಮಾಲೆ ಹಾಕಿದರು, ಇನ್ನೊಂದು ಶಾಲು ಹೊದಿಸಿದರು. ನಾಲ್ಕು ಮಾತಾಡಿ ಅಂದರು. ಸಾಹುಕಾರ ಎದ್ದ. ಶಾಲು ತೆಗೆದು ಕೆಳಗಿಟ್ಟ. ಈ ಸಲ ಗಡಬಡಿಸಲಿಲ್ಲ, ಒಂದೊಂದೇ ಮಾತು ಬಿಡಿಸಿ ಹೇಳಿದ:

"ನಮ್ಮ ಮನಿ... ಕೊಟ್ರವ್ವನ್ನ... ಕೊಂದೈತಿ."

ಅವನು ನಿಂತೇ ಇದ್ದ. ಒಂದು ಮಾತಿಗಾಗಿ ಕಾಯುತ್ತಿದ್ದ. ಏನು ಆ ಮಾತು, ನಿಮಗೆ ಗೊತ್ತು. ಯಾರೂ ಅನ್ನಲಿಲ್ಲ. ಅಷ್ಟರಲ್ಲಿ ಯಾರೋ ಕಣ್ಸನ್ನೆ ಮಾಡಿದರು, ಕಹಳೆ ಊದಿದರು. ಪಾಪ, ಮಗಳ ದುಃಖಕ್ಕೆ ತಲೆ ಕೆಟ್ಟಿದೆ ಅಂತ ಇಬ್ಬರು ರಟ್ಟೆ ಹಿಡಿದು ಕೆಳಗಿಳಿಸಿದರು. ಮಾತುಗಾರ ಎದ್ದು ಭಾಷಣ ಮುಂದುವರಿಸಿದ.

ಅಂದಿನಿಂದ ಪ್ರತಿ ಬೇಸಿಗೆಯಲ್ಲಿ ಸಾಹುಕಾರ ಒಂದು ಗಡಿಗೆ ಅಂಬಲಿ ಕಾಯಿಸಿಕೊಂಡು, ಉಪ್ಪು ಹಾಕದೆ, ಮೊಣಕಾಲಿನ ನೀರಿಗೆ ಇಳಿದು ನಿಲ್ಲುತ್ತಿದ್ದ. ಕಲ್ಲು ಇದ್ದ ಕಡೆಗೆ ಮುಖ ಮಾಡಿ ಎರಡು ಹೆಸರು ಹೇಳುತ್ತಿದ್ದ. ಅಂಬಿಗರ ಹುಲಗಪ್ಪ, ಕೊಟ್ರವ್ವ. ಆ ದಂಡೆಯಿಂದ ಯಾರಾದರೂ ಬಂದರೇ? ಬಂದರು ಅನ್ನಲಿ ಅಂತ ಕಾಯುತ್ತಿದ್ದೀರಿ, ನನಗೆ ಕಾಣುತ್ತಿದೆ. ಹುಲಗಪ್ಪನ ಮೊಮ್ಮಗನೊಬ್ಬ ಬಂದ, ಅಂಬಲಿ ಹಂಚಿಕೊಂಡು ಕುಡಿದರು, ಮಂಗಳ ಹಾಡಿದರು ಅಂದರೆ ನಿಮಗೆ ಸಮಾಧಾನ. ಇಲ್ಲ. ಯಾರೂ ಬರಲಿಲ್ಲ. ಕತ್ತಲಾಗುವ ಮುಂಚೆ ಅಂಬಲಿಯನ್ನು ಹೊಳೆಗೆ ಸುರಿದು ಮನೆಗೆ ಹೋಗುತ್ತಿದ್ದ. ಒಂದು ವರ್ಷ ಅವನೂ ಬರಲಿಲ್ಲ.

ಈಗ ಹೇಳಿ, ಕೊಟ್ರವ್ವನನ್ನು ಯಾರು ಕೊಂದರು?

ಗಾಳಿ ಅಂತೀರಾ? ರಾಜ ಅಂತೀರಾ? ಸುಮ್ಮನಿರಿ. ಯುದ್ಧ ಇನ್ನು ಬರುವುದಿಲ್ಲ ಅನ್ನುವ ನೆಮ್ಮದಿ ಕೊಂದಿತು. ತಾಯಂದಿರೇ, ಕಂಬಕ್ಕೆ ಒರಗಿದ ನಮ್ಮ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ದೊಡ್ಡ ಯುದ್ಧ ಅಪರೂಪ ಆಗಿರಬಹುದು, ಮುಂದೆ ಆಗದೆಯೂ ಇರಬಹುದು. ಆಗದಿರಲಿ ಅಂತಲೇ ನಾನು ದಿನಾ ಬೇಡಿಕೊಳ್ಳುತ್ತೇನೆ. ಆದರೆ ಅದು ತಾನಾಗಿ ನಿಂತಿದೆ ಅನ್ನುತ್ತೀರಲ್ಲ, ಅದಕ್ಕೆ ನನಗೆ ಸಿಟ್ಟು. ಒಡೆದ ಹಂಚು ತೆಗೆದು ವರ್ಷ ವರ್ಷ ಸೂರಿಗೆ ಕೈಯಾಡಿಸುವವರು ಇರುವುದರಿಂದ ಮನೆ ಸೋರುವುದಿಲ್ಲ. ಸೋರುತ್ತಿಲ್ಲವಲ್ಲ ಅಂತ ಕೈಯಾಡಿಸುವುದನ್ನು ಬಿಟ್ಟರೆ? ಮಳೆ ಬಂದಾಗ ಗೊತ್ತಾಗುತ್ತದೆ.

ಮತ್ತೆ ನೀವೇನು ಮಾಡುತ್ತಿದ್ದೀರಿ? ಬೆಳಿಗ್ಗೆ ನನ್ನ ಹತ್ತಿರ ಬಂದು ಕಾಲ ಬದಲಾಗಿದೆ ಅಜ್ಜಾರ, ಇನ್ನು ಯುದ್ಧ ಇಲ್ಲ ಅನ್ನುತ್ತೀರಿ. ಸಂಜೆ ಚಹಾದ ಅಂಗಡಿಯಲ್ಲಿ ಕೂತು, ಒಂದ್ಸಲ ಆಗೇ ಹೋಗಲಿ, ಬುದ್ಧಿ ಕಲಿಸಬೇಕು ಅವರಿಗೆ ಅನ್ನುತ್ತೀರಿ. ಅದೇ ಬಾಯಿ! ಟಿವಿಯಲ್ಲಿ ಎಲ್ಲೋ ದೂರದ ಊರು ಉರಿಯುವುದನ್ನು ಊಟದ ತಟ್ಟೆ ಮುಂದಿಟ್ಟುಕೊಂಡು ನೋಡುತ್ತೀರಿ, ಉಪ್ಪಿನಕಾಯಿ ನೀಡು ಅನ್ನುತ್ತೀರಿ. ಮೊಬೈಲಿನಲ್ಲಿ ಅವರು ನಮಗೆ ಏನು ಮಾಡಿದರು ಅನ್ನುವುದು ಬಂದರೆ ಬೆರಳು ತಡೆಯುತ್ತದೆಯೇ? ಓದಿ ಮುಗಿಸುವ ಮುಂಚೆಯೇ ಹತ್ತು ಮಂದಿಗೆ ಕಳಿಸಿರುತ್ತೀರಿ. ನಾವು ಅವರಿಗೆ ಏನು ಮಾಡಿದೆವು ಅನ್ನುವುದನ್ನು ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಕಳಿಸಿದ್ದೀರಾ? ಎದೆ ಮುಟ್ಟಿಕೊಂಡು ಹೇಳಿ.

ದೇಶದ ಮಾತು ದೊಡ್ಡದು, ನಮ್ಮ ಕೈಯಲ್ಲಿ ಏನಿದೆ ಅನ್ನುತ್ತೀರಿ. ಬಹಳ ಇದೆ. ನಿಮ್ಮ ಮನೆಯ ಮಕ್ಕಳು ಅಜ್ಜನ ಜಗಳದ ಕಥೆ ಕೇಳಿದರೆ ಮೊದಲು ಅಜ್ಜ ಏನು ತಪ್ಪು ಮಾಡಿದ ಅಂತ ಹೇಳಿ, ಆಮೇಲೆ ಎದುರಿನವರದು. ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದೀರಲ್ಲ, ಇಲ್ಲೇ ಕೂತಿದ್ದೀರಿ, ಒಬ್ಬರು ಆ ಕಡೆ, ಒಬ್ಬರು ಈ ಕಡೆ, ನನಗೇನು ಗೊತ್ತಿಲ್ಲವೇ? ಅವನು ಏನಂದ ಅಂತ ಕೇಳಿದವರಿಗೆಲ್ಲ ಒಪ್ಪಿಸಿದ್ದೀರಿ. ನೀವು ಏನಂದಿರಿ ಅಂತ ಒಬ್ಬರಿಗೂ ಹೇಳಿಲ್ಲ. ನಾಳೆ ಅದನ್ನೇ ಮೊದಲು ಹೇಳಿ. ಯಾರಾದರೂ ತಮ್ಮ ತಪ್ಪು ಹೇಳಿಕೊಂಡು ನಿಮ್ಮ ಬಾಗಿಲಿಗೆ ಬಂದರೆ ಕಹಳೆ ಊದಬೇಡಿ. ಕೇಳಿ. ಮಗಳು ಅಂಜಿಕೆ ಬರುತ್ತದೆ ಅಂದರೆ ನಗಬೇಡಿ. ನಿಮ್ಮ ಶಾಲಿನ ಚಿಂತೆ ಬಿಟ್ಟು ಇರು ಮಗಳೇ ಅನ್ನಿ.

ಮಂಗಳ ಯಾವಾಗ, ಪ್ರಸಾದ ಯಾವಾಗ ಅಂತ ಹಿಂದುಗಡೆ ಗುಜುಗುಜು ಕೇಳುತ್ತಿದೆ. ಗೋಧಿ ಹುಗ್ಗಿಯ ಆಸೆಗೆ ಬಂದವರು ಬಹಳ ಜನ ಇದ್ದೀರಿ. ಇವತ್ತು ಹುಗ್ಗಿ ಇಲ್ಲ. ಅಡಿಗೆಯವರಿಗೆ ಮಧ್ಯಾಹ್ನವೇ ಹೇಳಿದ್ದೇನೆ, ಹಂಡೆಯಲ್ಲಿ ಜೋಳದ ಅಂಬಲಿ ಕುದಿಯುತ್ತಿದೆ. ಉಪ್ಪು ಹಾಕಿಲ್ಲ. ಮನೆಗೆ ಹೋಗಿ ರುಚಿಯಾಗಿ ಉಣ್ಣುತ್ತೇವೆ ಅನ್ನುವವರು ಈಗಲೇ ಏಳಬಹುದು, ಬೇಜಾರಿಲ್ಲ. ಕೂತವರು ಮಾತ್ರ ಬಟ್ಟಲು ಬಾಯಿಗೆ ಇಡುವ ಮುಂಚೆ ಪಕ್ಕದವರ ಕಡೆ ತಿರುಗಿ, ನಿಮ್ಮ ಮನೆ ಯಾರಿಗೆ ಏನು ಮಾಡಿದೆ ಅಂತ ಒಂದು ಮಾತು ಹೇಳಬೇಕು. ಒಂದೇ ಮಾತು, ಯಾಕೆ ಅನ್ನುವುದು ಬೇಡ. ಕೇಳಿದವರು ಬುದ್ಧಿ ಹೇಳಬೇಡಿ, ಸಮಾಧಾನ ಮಾಡಬೇಡಿ. ಕೇಳಿದ್ವಿ ಅನ್ನಿ, ಸಾಕು.

ಯಾರು ಮೊದಲು? ಮೇಷ್ಟ್ರೇ, ನೀವು? ಅಲ್ಲಿ ಬದುವಿನ ಅಣ್ಣತಮ್ಮಂದಿರು? ಎಲ್ಲರೂ ತಲೆ ತಗ್ಗಿಸಿದಿರಲ್ಲ. ತಗ್ಗಿಸಿ, ಪರವಾಗಿಲ್ಲ. ಅಂಬಲಿ ಆರಿದರೂ ಕುಡಿಯಬಹುದು. ನಾನು ಇಲ್ಲೇ ಕೂತಿರುತ್ತೇನೆ.